ಗಾದೆಯೊಳಗಿನ ಕೊಂಡಿ

‘ಆಳಾಗಿ ದುಡಿ, ಅರಸಾಗಿ ಉಣ್ಣು.’ ನಮ್ಮ ಕಡೆ ಈ ಗಾದೆಯನ್ನು ಹಿರಿಯರು ಹೆಚ್ಚಾಗಿ ಹೇಳುವುದು ಮೈಗಳ್ಳ ಹುಡುಗರಿಗೆ. ಹೊತ್ತೇರಿದರೂ ಕೌದಿ ಬಿಟ್ಟು ಏಳದವನ ತಲೆದೆಸೆಗೆ ನಿಂತು, “ಆಳಾಗಿ ದುಡಿದ್ರ ಅರಸಾಗಿ ಉಣತಿ, ಏಳೋ ಇನ್ನ” ಎಂದು ಅಜ್ಜಿ ಗದರುತ್ತಾಳೆ. ಹುಡುಗನಿಗೆ ತಿಳಿಯುವುದು ಇಷ್ಟೇ: ಈಗ ಕಷ್ಟಪಡು, ಮುಂದೆ ಸುಖ ಸಿಗುತ್ತದೆ. ಮೊದಲು ಆಳು, ಆಮೇಲೆ ಅರಸು, ನಡುವೆ ಹತ್ತಿಪ್ಪತ್ತು ವರ್ಷ. ಶಾಲೆಯಲ್ಲಿ ಗಾದೆ ವಿಸ್ತರಿಸಿ ಬರೆಯಲು ಹೇಳಿದಾಗ ನಾವೆಲ್ಲ ಬರೆದದ್ದೂ ಇದನ್ನೇ. ನಾನು ಬಹಳ ಕಾಲ ಹಾಗೆಯೇ ನಂಬಿಕೊಂಡಿದ್ದೆ.

ಆ ಅರ್ಥ ಸಾಲದು ಎನ್ನಿಸಿದ್ದು ಇಳಕಲ್ಲಿನ ಒಂದು ಮಗ್ಗದ ಮುಂದೆ ಕುಳಿತಾಗ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾಗಿದ್ದರೂ ಸೆರಗಿಗೆ ಕೆಂಪು ರೇಷ್ಮೆ ಬೇಕು. ಆ ಎರಡೂ ಹಾಸುಗಳನ್ನು ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸುತ್ತಾರೆ. ಅದಕ್ಕೆ ಕೊಂಡಿ ಎಂದು ಹೆಸರು. ಕೊಂಡಿ ಹಾಕುವವರ ಬೆರಳು ನೋಡುತ್ತ ಕುಳಿತವನಿಗೆ ಗಾದೆಯ ನಡುವಿನ ಅಲ್ಪವಿರಾಮ ನೆನಪಾಯಿತು. ನಾವು ಆ ಜಾಗದಲ್ಲಿ ಕತ್ತರಿ ಆಡಿಸಿ ದುಡಿಮೆಯನ್ನು ಒಂದು ತುಂಡು, ಊಟವನ್ನು ಇನ್ನೊಂದು ತುಂಡು ಮಾಡಿಕೊಂಡಿದ್ದೇವೆ. ಗಾದೆ ಕಟ್ಟಿದವರು ಅಲ್ಲಿ ಕೊಂಡಿ ಹಾಕಿದ್ದರು. ಆಳಾಗಿರುವ ಹೊತ್ತಿನಲ್ಲೇ ಅರಸಾಗಿ ಉಣ್ಣುವ ಬಾಳು ಒಂದಿದೆ. ಬಾದಾಮಿ, ಹುನಗುಂದ, ಇಳಕಲ್, ಬಾಗಲಕೋಟೆ ಸೀಮೆಯಲ್ಲಿ ನನಗೆ ಅದು ಕಂಡದ್ದು ಹಳ್ಳಿಯ ಸಭಾಪಾಲಕರಲ್ಲಿ, ಜನ ಪಾದ್ರಿ ಎಂದೋ ಪಾಸ್ಟರ್ ಎಂದೋ ಕರೆಯುವವರಲ್ಲಿ.

ಮೊದಲು ‘ಆಳು’ ಶಬ್ದವನ್ನೇ ನೋಡೋಣ. ನಾಮಪದವಾಗಿ ಬಂದರೆ ಸೇವಕ, ಕ್ರಿಯಾಪದವಾಗಿ ಬಂದರೆ ದೊರೆತನ ಮಾಡು. ಕೂಲಿಯಾಳು, ಜೀತದಾಳು, ಹೆಣ್ಣಾಳು ಒಂದು ಕಡೆಗಾದರೆ ಆಳ್ವಿಕೆ, ಆಡಳಿತ ಇನ್ನೊಂದು ಕಡೆ. ಬಾಸೆಲ್ ಮಿಶನ್ನಿನ ಫರ್ಡಿನಾಂಡ್ ಕಿಟ್ಟೆಲ್ 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ದೊಡ್ಡ ನಿಘಂಟಿನಲ್ಲಿ ಎರಡು ಅರ್ಥಗಳಿಗೂ ಜಾಗವಿದೆ. ಪಂಡಿತರು ಅವನ್ನು ಒಂದೇ ಬೇರಿಗೆ ಕಟ್ಟಲಿ, ಬೇರೆ ಬೇರೆ ಬೇರಿಗೆ ಕಟ್ಟಲಿ, ಕನ್ನಡದ ಕಿವಿಗೆ ಕೇಳುವ ಸದ್ದು ಒಂದೇ. ‘ಆಳಾಗಿ’ ಎಂದು ಗಾದೆ ಬಾಯ್ತೆರೆದಾಗಲೇ ‘ಅರಸಾಗಿ’ ಎಂಬುದರ ನೆರಳು ಅಲ್ಲಿ ಬಿದ್ದಿರುತ್ತದೆ.

ಪಾಸ್ಟರ್ ಎಂಬ ಲ್ಯಾಟಿನ್ ಮೂಲದ ಮಾತಿಗೆ ಕುರಿ ಕಾಯುವವನು ಎಂದು ಅರ್ಥ. ಇದನ್ನು ತಿಳಿಯಲು ನಮ್ಮ ಸೀಮೆಯವರು ಯಾವ ಟೀಕೆಯನ್ನೂ ಓದಬೇಕಿಲ್ಲ. ಹುನಗುಂದದ ಎರೆಹೊಲಗಳಲ್ಲಿ ಬೆಳೆ ಬಂದುಹೋದ ಮೇಲೆ ಕುರಿ ತರುಬುವುದನ್ನು ಕಂಡಿದ್ದರೆ ಸಾಕು. ಹಾಲುಮತದ ಕುರುಬರು ಮಂದೆ ಹೊಡೆದುಕೊಂಡು ಊರಿಂದೂರಿಗೆ ಬರುತ್ತಾರೆ, ಹೊಲದವರು ಕಾಳನ್ನೋ ದುಡ್ಡನ್ನೋ ಕೊಟ್ಟು ರಾತ್ರಿ ತಮ್ಮ ಹೊಲದಲ್ಲಿ ಕುರಿ ತರುಬಿಸಿಕೊಳ್ಳುತ್ತಾರೆ. ಬೆಳಗಾಗುವುದರೊಳಗೆ ಹೊಲಕ್ಕೆ ಗೊಬ್ಬರವಾಗಿರುತ್ತದೆ. ಆ ಹೊಲ ಕುರಿಗಾರನದಲ್ಲ, ಎಷ್ಟೋ ಸಲ ಕುರಿಗಳೂ ಪೂರ್ತಿ ಅವನವಲ್ಲ, ಬೆಳೆದದ್ದು ಅವನ ಕಣಜಕ್ಕೆ ಬರುವುದಿಲ್ಲ. ಆದರೆ ತೋಳ ಬಂತೆಂದರೆ ಕಂಬಳಿ ಕೊಡವಿ ಏಳುವವನು ಅವನು. ತನ್ನದಲ್ಲದ ನೆಲವನ್ನು ಫಲವತ್ತು ಮಾಡಿ ಮುಂದಕ್ಕೆ ನಡೆಯುವ ಆಳು. ಹಳ್ಳಿ ಪಾಸ್ಟರ ಬದುಕಿಗೆ ಇದಕ್ಕಿಂತ ಹತ್ತಿರದ ಹೋಲಿಕೆ ನನಗೆ ಗೊತ್ತಿಲ್ಲ. ಮೂರೋ ಐದೋ ವರ್ಷಕ್ಕೆ ಅವರಿಗೆ ವರ್ಗವಾಗುತ್ತದೆ, ಅವರು ನೀರುಣಿಸಿದ ಸಭೆಯಲ್ಲಿ ಮತ್ತೊಬ್ಬರು ಪ್ರಸಂಗ ಮಾಡುತ್ತಾರೆ.

ಈ ಆಳುತನವನ್ನೇ ಕಟ್ಟಳೆ ಮಾಡಿಕೊಂಡ ಕ್ರೈಸ್ತ ಪಂಗಡ ಒಂದಿದೆ, ಮೆನ್ನೊನೈಟರದು. 1525ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ಕಿನಲ್ಲಿ ಮೊಳೆತ ಒಂದು ಚಳವಳಿಯಿಂದ ಅವರು ಬಂದವರು. 1536ರಲ್ಲಿ ತನ್ನ ಪಾದ್ರಿ ಹುದ್ದೆ ಬಿಟ್ಟು ಹೊರಬಂದ ಡಚ್ಚರ ಮೆನ್ನೊ ಸೈಮನ್ಸನ ಹೆಸರು ಅವರಿಗೆ ಅಂಟಿಕೊಂಡಿತು. ಕತ್ತಿ ಹಿಡಿಯುವುದಿಲ್ಲ ಎಂಬ ಪಟ್ಟಿಗಾಗಿ ದೇಶದಿಂದ ದೇಶಕ್ಕೆ ಗುಳೇ ಹೋದ ಜನ. ಅವರ ಹಳೆಯ ಹಳ್ಳಿಸಭೆಗಳಲ್ಲಿ ಬೋಧಕನಿಗೆ ಸಂಬಳವಿರಲಿಲ್ಲ, ವಾರವೆಲ್ಲ ಹೊಲ ಉಳುವವನೇ ಭಾನುವಾರ ಪ್ರಸಂಗ ಮಾಡುತ್ತಿದ್ದ. ಕೆಲವು ಸಭೆಗಳು ಬೋಧಕನನ್ನು ಚೀಟಿ ಎತ್ತಿ ಆರಿಸುತ್ತಿದ್ದವು. ಒಂದೇ ಬಗೆಯ ನಾಲ್ಕಾರು ಪುಸ್ತಕ ಜೋಡಿಸಿ, ಒಂದರಲ್ಲಿ ಚೀಟಿ ಇಟ್ಟಿರುತ್ತಾರೆ. ಯಾರ ಕೈಗೆ ಆ ಪುಸ್ತಕ ಬಂತೋ ಅವನಿಗೆ ಆ ಜವಾಬ್ದಾರಿ, ಬದುಕಿರುವವರೆಗೆ. ಗೆದ್ದೆನೆಂದು ಯಾರೂ ಕುಣಿಯುವುದಿಲ್ಲ, ಮನೆಮಂದಿ ಅತ್ತದ್ದೂ ಉಂಟು. ಯೇಸು ಕಡೆಯ ಊಟದ ರಾತ್ರಿ ನಡುವಿಗೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದದ್ದನ್ನು ಅವರು ಕಥೆಯಾಗಿ ಕೇಳಿ ಬಿಡಲಿಲ್ಲ, ಬೋಗುಣಿಯಲ್ಲಿ ನೀರು ತಂದು ಒಬ್ಬರ ಕಾಲು ಒಬ್ಬರು ತೊಳೆಯುವ ಆಚರಣೆ ಮಾಡಿಕೊಂಡರು.

ಈ ಪಂಗಡ ನಮಗೆ ಅಷ್ಟೇನೂ ದೂರದ್ದಲ್ಲ. ಹುನಗುಂದ ತಾಲೂಕಿನ ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡಿಸಿಕೊಂಡ ಕೃಷ್ಣೆ ರಾಯಚೂರು ದಾಟಿ ಗದ್ವಾಲ ಸೀಮೆಗೆ ಇಳಿಯುತ್ತಾಳಲ್ಲ, ಆ ಭಾಗದಲ್ಲಿ ಮೆನ್ನೊನೈಟ್ ಬ್ರದರನ್ ಸಭೆಗಳಿವೆ. ಆ ಕೆಲಸಕ್ಕೆ ಬುನಾದಿ ಬಿದ್ದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ, ನಲ್ಗೊಂಡದಲ್ಲಿ. ನಮ್ಮ ಸೀಮೆಯ ಹಳೆಯ ಪ್ರೊಟೆಸ್ಟಂಟ್ ಸಭೆಗಳ ಬೇರು ಬೇರೆ, ಅವು ಬಾಸೆಲ್ ಮಿಶನ್ನಿನವು. ಬೇರು ಬೇರೆಯಾದರೂ ದುಡಿಮೆಯ ಪಾಠ ಒಂದೇ, ಅದನ್ನು ನಮ್ಮವರಿಗೆ ಮಗ್ಗ ಕಲಿಸಿತು.

ಬಾಸೆಲ್ಲಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಘಟ್ಟ ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ. ಗುಳೇದಗುಡ್ಡವೆಂದರೆ ಕುಪ್ಪಸದ ಖಣ, ಖಣವೆಂದರೆ ಗುಳೇದಗುಡ್ಡ. ಓಣಿ ಹೊಕ್ಕರೆ ಲಾಳಿಯ ಸಪ್ಪಳ ಕೇಳದ ಮನೆ ಇರಲಿಲ್ಲ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತ ನೇಕಾರ, ಪಕ್ಕದಲ್ಲಿ ಕಂಡಿಕೆ ಸುತ್ತುವ ಹೆಂಗಸು, ಆಟ ಬಿಟ್ಟು ಎಳೆ ಕೊಡುವ ಮಗು. ಇಂಥ ಮನೆಗೆ ದೇವರ ಮಾತು ಹೇಳಲು ಹೋಗುವ ಉಪದೇಶಿ ಎಲ್ಲಿ ನಿಲ್ಲಬೇಕು? ನಿಂತು ಮಾತಾಡಿದರೆ ನೇಕಾರ ಕತ್ತೆತ್ತಿ ನೋಡಬೇಕಾಗುತ್ತದೆ, ಕತ್ತೆತ್ತಿದರೆ ನೇಯ್ಗೆ ನಿಲ್ಲುತ್ತದೆ, ನೇಯ್ಗೆ ನಿಂತರೆ ಅಂದಿನ ಕೂಲಿ ಹೋಗುತ್ತದೆ. ಉಪದೇಶಿ ನೆಲಕ್ಕೆ ಕೂಡಲೇಬೇಕು. ಮಗ್ಗದ ಕುಣಿ ನೆಲಮಟ್ಟಕ್ಕಿಂತ ಕೆಳಗಿರುವುದರಿಂದ, ನೆಲಕ್ಕೆ ಕುಳಿತರೇನೇ ಇಬ್ಬರ ಕಣ್ಣೂ ಹತ್ತಿರ ಹತ್ತಿರ ಸಮವಾಗುವುದು. ಮಗ್ಗದ ಮಗ್ಗುಲಲ್ಲಿ ದೇವರ ಮಾತು ಕನ್ನಡ ನಾಡಿಗೆ ಹೊಸತಲ್ಲ, ವಚನಕಾರ ಜೇಡರ ದಾಸಿಮಯ್ಯ ಮಗ್ಗದವನೇ. ಬೈಬಲ್ಲಿನ ಪೌಲನೂ ಗುಡಾರ ಮಾಡುವ ಕಸುಬಿನವನು. ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಎಂಬ ಗಂಡಹೆಂಡಿರ ಜೊತೆ ಅದೇ ಕೆಲಸ ಮಾಡುತ್ತ ಹೊಟ್ಟೆ ಹೊರೆದುಕೊಂಡವನು. ಕೈಗೆ ಸೂಜಿ-ದಾರದ ಗುರುತು ಇದ್ದ ಬೋಧಕನ ಮಾತನ್ನು ನೇಕಾರರ ಓಣಿ ಬೇಗ ನಂಬಿತೆಂದರೆ ಆಶ್ಚರ್ಯವಿಲ್ಲ.

ದುಡಿಮೆಯ ನಿಜವಾದ ಪರೀಕ್ಷೆ ಆದದ್ದು 1876–78ರ ಬರದಲ್ಲಿ. ಧಾತು, ಈಶ್ವರ ಸಂವತ್ಸರಗಳ ಬರವೆಂದು ಹಳಬರು ಹೇಳುತ್ತಿದ್ದದ್ದು ಇದನ್ನೇ. ತಿನ್ನಲಿಕ್ಕೇ ಇಲ್ಲದಾಗ ಉಡುವವರು ಯಾರು? ಹೊಲಕ್ಕಿಂತ ಮೊದಲೇ ಮಗ್ಗ ಸತ್ತಿತು. ಅನಾಥ ಮಕ್ಕಳನ್ನು ಸಾಕುವುದು, ಗಂಜಿ ಕಾಯಿಸುವುದು, ಹೆಣ ಮಣ್ಣು ಮಾಡುವುದು ಸೇವೆಯ ಇನ್ನೊಂದು ಹೆಸರಾಯಿತು. ಮುಂದೆ 1914ರಲ್ಲಿ ಮಹಾಯುದ್ಧ ಹತ್ತಿದಾಗ ಬ್ರಿಟಿಷರು ಬಾಸೆಲ್ ಮಿಶನ್ನಿನ ಜರ್ಮನ್ ಮಿಶನರಿಗಳನ್ನು ಹಿಡಿದು ಶಿಬಿರಗಳಲ್ಲಿಟ್ಟು ಕಡೆಗೆ ದೇಶ ಬಿಡಿಸಿದರು. ಅಂಥ ದಿನಗಳಲ್ಲಿ ಸಭೆಗಳು ಉಳಿದದ್ದು ಊರವರೇ ಆದ ಉಪದೇಶಿಗಳಿಂದ, ಅವರ ಹೆಂಡಂದಿರಿಂದ. ಮಿಶನ್ನಿನ ಚರಿತ್ರೆ ಬರೆದವರು ಬಂಗಲೆಯಲ್ಲಿದ್ದವರ ಹೆಸರನ್ನು ದಿನಾಂಕ ಸಮೇತ ಕೊಡುತ್ತಾರೆ, ಹಳ್ಳಿಯಿಂದ ಹಳ್ಳಿಗೆ ನಡೆದವರನ್ನು ಅಂಕಿಯಲ್ಲಿ ಎಣಿಸಿ ಮುಗಿಸುತ್ತಾರೆ. ಇದು ನನಗೆ ಯಾವತ್ತೂ ನೋವಿನ ಸಂಗತಿ. ಮನೆ ಕಾಯ್ದದ್ದು ಆಳು.

ಇಂದು ಈ ಸಭೆಗಳು ದಕ್ಷಿಣ ಭಾರತ ಸಭೆಯ ಕರ್ನಾಟಕ ಉತ್ತರ ಪ್ರಾಂತ್ಯಕ್ಕೆ ಸೇರಿವೆ, ಅದರ ಕೇಂದ್ರ ಧಾರವಾಡ. ಹಳ್ಳಿ ಪಾಸ್ಟರಿಗೆ ಈಗ ಮೋಟಾರ್ ಸೈಕಲ್ ಇದೆ, ಮೊಬೈಲ್ ಇದೆ. ದುಡಿಮೆ ಮಾತ್ರ ಹಗುರಾಗಿಲ್ಲ. ಭಾನುವಾರ ಬೆಳಿಗ್ಗೆ ಒಂದೂರಿನ ಆರಾಧನೆ, ಇಳಿಹೊತ್ತಿಗೆ ಮತ್ತೊಂದೂರಿನದು. ವಾರದ ನಡುವೆ ರೇಶನ್ ಕಾರ್ಡಿನ ಅರ್ಜಿ, ಗಂಡಹೆಂಡಿರ ಜಗಳ, ಬಾಣಂತಿಯ ಹತ್ತಿರ ಪ್ರಾರ್ಥನೆ. ಬೇನೆ ಬಿದ್ದವರನ್ನು ಬಾಗಲಕೋಟೆಗೋ, ಹಳಬರು ಇಂದಿಗೂ ಜರ್ಮನ್ ದವಾಖಾನಿ ಎನ್ನುವ ಗದಗ-ಬೆಟಗೇರಿಯ ಆಸ್ಪತ್ರೆಗೋ ಕರೆದುಕೊಂಡು ಹೋಗಬೇಕು. ಆಲಮಟ್ಟಿ ಆಣೆಕಟ್ಟಿನ ಹಿನ್ನೀರು ಏರಿದಾಗ ಹಳೆ ಬಾಗಲಕೋಟೆಯ ಓಣಿ ಓಣಿಗಳೇ ಎದ್ದು ನವನಗರಕ್ಕೆ ಹೋದವು. ಅಕ್ಕಪಕ್ಕ ಗೋಡೆ ಹಂಚಿಕೊಂಡಿದ್ದ ಮನೆಗಳು ಬೇರೆ ಬೇರೆ ಸೆಕ್ಟರುಗಳಾದವು. ಮಸೀದಿ, ಗುಡಿ, ಚರ್ಚು ಯಾವುದರ ಹಿರಿಯರೇ ಆಗಲಿ, ಚದುರಿದವರನ್ನು ಮತ್ತೆ ಮನೆ ಮನೆ ಹುಡುಕಿ ಕೂಡಿಸಬೇಕಾಯಿತು. ಇನ್ನು ಗುಳೇ ಹೋದವರು ಗೋವಾದಲ್ಲಿ, ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ. ಮಂದೆಯ ಅರ್ಧ ಫೋನಿನಾಚೆ ಇರುವಾಗ ಕಾಯುವವನ ರಾತ್ರಿ ಎಷ್ಟು ಉದ್ದವಾಗಿರಬಹುದು!

ಈಗ ‘ಉಣ್ಣು’. ನಮ್ಮ ಹಳ್ಳಿಗಳಲ್ಲಿ ಮೊದಲು ಆಯಗಾರರಿದ್ದರು. ಬಡಿಗೇರ, ಕಮ್ಮಾರ, ಹಡಪದ, ಮಡಿವಾಳ ವರ್ಷವಿಡೀ ಊರ ಕೆಲಸ ಮಾಡುವರು, ರಾಶಿಯ ದಿನ ಕಣಕ್ಕೆ ಬಂದು ಆಯ ಒಯ್ಯುವರು. ಆಯ ಸಂಬಳವಲ್ಲ, ಭಿಕ್ಷೆಯೂ ಅಲ್ಲ. ಊರ ಬೆಳೆಯಲ್ಲಿ ಅವರಿಗಿದ್ದ ಪಾಲು. (ಆ ಪಾಲಿನಲ್ಲಿ ಜಾತಿಯ ಕ್ರೌರ್ಯವೂ ಬೆರೆತಿತ್ತು, ಕೊನೆಯಲ್ಲಿ ನಿಂತವನಿಗೆ ಕಣದ ಕಸದೊಳಗಿನ ಕಾಳೇ ಗತಿಯಾಗಿತ್ತು. ಅದನ್ನು ಮರೆತು ಆಯವನ್ನು ಹೊಗಳಲಾರೆ.) ಚರ್ಚಿನ ಸುಗ್ಗಿ ಹಬ್ಬ ನೋಡಿದಾಗಲೆಲ್ಲ ನನಗೆ ಕಣದ ನೆನಪಾಗುತ್ತದೆ. ಜೋಳದ ತೆನೆ, ಶೇಂಗಾ, ಕುಂಬಳಕಾಯಿ, ಕೋಳಿ, ತತ್ತಿ, ಒಬ್ಬಾಕೆ ನೇಯ್ದ ಖಣ, ಎಲ್ಲವೂ ದೇವರ ಮೇಜಿನ ಮುಂದೆ ಬಂದು ಬೀಳುತ್ತವೆ. ಆಮೇಲೆ ಲಿಲಾವು. ಹತ್ತು ರೂಪಾಯಿಯ ಕಾಯಿಯನ್ನು ಇನ್ನೂರಕ್ಕೆ ಕೂಗಿದವನು ಮರುಗಳಿಗೆಯಲ್ಲಿ ಅದನ್ನು ಯಾವುದೋ ಮುದುಕಿಯ ಮಡಿಲಿಗೆ ಹಾಕುತ್ತಾನೆ. ಪಾಸ್ಟರ ಊಟ ಬರುವುದು ಈ ಜನರ ಕೈಯಿಂದ. ಕೊಟ್ಟವರು ಬಡವರು ಎಂದು ಗೊತ್ತಿದ್ದೂ ಬೇಡವೆನ್ನದೆ ಕೈಯೊಡ್ಡುವುದು ಆಳುತನದ ಬಲು ಕಷ್ಟದ ಪಾಲು. ಕೊಡುವವನ ಮನೆಯ ಘನತೆ ಉಳಿಯುವುದು ಉಣ್ಣುವವನು ಮನಸಾರೆ ಉಂಡಾಗ. ಪಾಸ್ಟರು ಅರ್ಧ ರೊಟ್ಟಿ ಬಿಟ್ಟು ಎದ್ದರೆ ಆ ಮನೆಯಾಕೆ ಇಡೀ ದಿನ ಕೊರಗುತ್ತಾಳೆ.

‘ಅರಸಾಗಿ’ ಎಂಬುದರ ಅರ್ಥ ಇಲ್ಲಿದೆ ಎಂದು ನನ್ನ ತಿಳಿವಳಿಕೆ. ಅರಸನ ಊಟ ಎಂದರೆ ಹೆಚ್ಚು ಪಲ್ಯಗಳ ಊಟ ಎಂದುಕೊಂಡರೆ ಗಾದೆ ಸಣ್ಣದಾಗುತ್ತದೆ. ಅಂಜದೆ, ಅಪ್ಪಣೆಗೆ ಕಾಯದೆ, ಇದು ನನ್ನ ಮನೆ ಎಂಬಂತೆ ಕುಳಿತು ಉಣ್ಣುವವನು ಅರಸ. ಸೀಮೆಯ ಹತ್ತು ಹಳ್ಳಿಗಳಲ್ಲಿ, ಯಾವ ಓಣಿಯ ಯಾವ ಮನೆಗೆ ಹೊತ್ತಲ್ಲದ ಹೊತ್ತಿನಲ್ಲಿ ಹೋದರೂ ತಾಟು ಮುಂದೆ ಬರುತ್ತದೆಯಾದರೆ ಅಷ್ಟು ದೊಡ್ಡ ರಾಜ್ಯ ಯಾರಿಗಿದೆ?

ಕನ್ನಡಕ್ಕೆ ಇಂಥ ಅರಸನೊಬ್ಬ ಸಿಕ್ಕಿದ್ದ. ರೆವರೆಂಡ್ ಉತ್ತಂಗಿ ಚನ್ನಪ್ಪನವರು, 1881ರಲ್ಲಿ ಧಾರವಾಡದಲ್ಲಿ ಹುಟ್ಟಿ 1962ರಲ್ಲಿ ತೀರಿಕೊಂಡವರು. ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಬಾಳು ಸವೆಸಿದವರು. ಓಲೆಗರಿ ಇದೆ ಎಂದು ಕೇಳಿದ ಕಡೆಗೆ, ಬಾಯಿಪಾಠ ಬರುವವರಿದ್ದಾರೆ ಎಂದು ತಿಳಿದ ಕಡೆಗೆ ಕೈಯೊಡ್ಡಿ ಸರ್ವಜ್ಞನ ವಚನಗಳನ್ನು ಕೂಡಿಸಿದರು. ಆ ಸಂಗ್ರಹ 1924ರಲ್ಲಿ ಬೆಳಕು ಕಂಡಿತು. ಸರ್ವಜ್ಞ ನುಡಿದದ್ದು ತ್ರಿಪದಿಯಲ್ಲಿ. ಆ ತ್ರಿಪದಿಯ ನಮಗೆ ಸಿಕ್ಕ ಅತಿ ಹಳೆಯ ಗುರುತು, ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನ, ಇರುವುದು ಇದೇ ಬಾದಾಮಿಯ ಬಂಡೆಯ ಮೇಲೆ. ಶರಣರ ಅನುಭವ ಮಂಟಪ ನಿಜವಾಗಿ ಇತ್ತೇ ಎಂಬ ವಾದ ಎದ್ದಾಗ, ಇತ್ತು ಎಂದು ಆಧಾರ ಒಡ್ಡಿ ‘ಅನುಭವ ಮಂಟಪದ ಐತಿಹಾಸಿಕತೆ’ ಬರೆದವರೂ ಈ ಪಾದ್ರಿಯೇ. ತನ್ನ ದೇವರನ್ನು ಬಿಡದೆ ನೆರೆಮನೆಯ ಭಂಡಾರವನ್ನು ಕಾಯ್ದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷಪೀಠಕ್ಕೆ ಕರೆಯಿತು. ಅವರು ತಮಗೆ ಇಟ್ಟುಕೊಂಡ ಹೆಸರು ‘ತಿರುಳ್ಗನ್ನಡದ ತಿರುಕ’. ತಿರುಕನಾಗಿ ತಿರುಗುವಾಗಲೇ ಅವರು ಆ ತ್ರಿಪದಿಗಳ ರುಚಿ ಉಂಡಿದ್ದರು. ಸಮ್ಮೇಳನದ ಪೀಠ ಬರುವವರೆಗೆ ಅರಸುತನ ಕಾಯುತ್ತ ಕೂಡಲಿಲ್ಲ.

ಇಳಕಲ್ಲಿನ ಆ ಮಗ್ಗದ ಮನೆಗೆ ಮತ್ತೆ ಬರುತ್ತೇನೆ. ಅಂದು ಕೊಂಡಿ ಹಾಕುತ್ತಿದ್ದದ್ದು ಆ ಮನೆಯ ಸೊಸೆ. ಎದುರಿಗೆ ಕುಳಿತು ಎಳೆ ಬಿಡಿಸಿ ಕೊಡುತ್ತಿದ್ದವರು ಆ ಊರಿನ ಪಾಸ್ಟರು, ಅಂಗಿಯ ತೋಳು ಮೊಣಕೈಗೇರಿಸಿದ್ದರು. ಮನೆಯಲ್ಲಿ ಗಂಡಸರಿರಲಿಲ್ಲ, ಮಗ ಗೋವಾಕ್ಕೆ ದುಡಿಯಲು ಹೋಗಿದ್ದ. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಮುದುಕಿ ಬಾಗಿಲಿಗೆ ಬಂದು, “ಏಳ್ರಿ ಪಾಸ್ಟರ್ರ, ಕೈ ತೊಕ್ಕೋರಿ, ರೊಟ್ಟಿ ಆರತಾವ” ಎಂದಳು. ಅವರು ಕತ್ತೆತ್ತಲಿಲ್ಲ.

“ಇನ್ನ ನಾಕ ಎಳಿ ಅದಾವ ಯವ್ವಾ. ಆಕೀನೂ ಏಳಲಿ, ಕೂಡೇ ಉಣ್ಣೂಣು.”