ಎಚ್ಚರಿಕೆಯ ಬಾಯಿ ಮುಚ್ಚಿಸಬಹುದೆ?

ತಪ್ಪಿಗೆ ನಾವು ಅಂಜುತ್ತೇವೆ, ಎಚ್ಚರಿಕೆಗೆ ಬೇಸರಪಡುತ್ತೇವೆ. ಲಿನಕ್ಸ್‌ನಲ್ಲಿ ಸಿ.ಡಿ., ಡಿ.ವಿ.ಡಿ.ಗಳನ್ನು ನಕಲು ಮಾಡುವ ಹಳೆಯ ಪ್ರೋಗ್ರಾಮುಗಳನ್ನು ರಿಪೇರಿ ಮಾಡುವ ಹವ್ಯಾಸ ನನಗುಂಟು. ಈ ಮಾತು ಅಲ್ಲಿ ಹೊಳೆದದ್ದು.

ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್, ತಪ್ಪು ಕಂಡರೆ ಕೆಲಸ ನಿಲ್ಲಿಸುತ್ತದೆ. ಬರಿಯ ಸಂಶಯವಾದರೆ ಎಚ್ಚರಿಸಿ ಮುಂದೆ ಸಾಗುತ್ತದೆ. ‘ದೊಡ್ಡ ಸಂಖ್ಯೆಯನ್ನು 32 ಬಿಟ್ಟುಗಳ ಜಾಗಕ್ಕೆ ತುರುಕುತ್ತಿದ್ದೀರಿ’ ಎಂದು ಅದರ ಆಕ್ಷೇಪಣೆ. 700 ಮೆಗಾಬೈಟಿನ ಸಿ.ಡಿ.ಗೆ ಆ ಜಾಗ ಧಾರಾಳ. ಆದರೆ ಅಲ್ಲಿ ಎಣಿಕೆ ಸುಮಾರು 429 ಕೋಟಿಗೆ ಮುಗಿದು ಮತ್ತೆ ಸೊನ್ನೆಗೆ ಬರುತ್ತದೆ. ಸಾಮಾನ್ಯ ಡಿ.ವಿ.ಡಿ. ಹಿಡಿಸುವುದು 470 ಕೋಟಿ ಬೈಟು! ತಟ್ಟೆಯ ಕೊನೆಯ ಭಾಗ ಬೇಕಾದಾಗ ಮೊದಲ ಭಾಗವೇ ಮತ್ತೆ ನಕಲಾದೀತು.

‘ನನಗೆ ಗೊತ್ತು, ಸುಮ್ಮನಿರು’ ಎಂಬರ್ಥದ ಒಂದು ಪದ ಸೇರಿಸಿದರೆ ಎಚ್ಚರಿಕೆ ಅಡಗುತ್ತದೆ. ದೋಷ ಅಲ್ಲೇ ಇರುತ್ತದೆ.

ಹಾಗಾದರೆ ಎಚ್ಚರಿಕೆಗೆ ತಲೆಬಾಗುವುದೇ ಧರ್ಮವೆ? ಅದೂ ಅಲ್ಲ. 2006ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ಬಳಗದಲ್ಲಿ, ಪರೀಕ್ಷಾ ಸಾಧನವೊಂದರ ಗೊಣಗಾಟ ನಿಲ್ಲಲೆಂದು ಗುಪ್ತಲಿಪಿಯ ಪ್ರೋಗ್ರಾಮಿನಿಂದ ಎರಡು ಸಾಲು ತೆಗೆದರು. ಊಹೆಗೆ ಸಿಗದ ಕೀಲಿಗಳು ಹುಟ್ಟಲು ಅವುಗಳಲ್ಲಿ ಒಂದು ಬೇಕೇ ಬೇಕಾಗಿತ್ತು. ಒಂದೊಂದು ಬಗೆಯಲ್ಲೂ 32,768 ಕೀಲಿಗಳಷ್ಟೇ ಹುಟ್ಟುತ್ತಿದ್ದುದು 2008ರಲ್ಲಿ ಬಯಲಾಯಿತು.

ಬಾಯಿ ಮುಚ್ಚಿಸಿದವನೂ ತಲೆಬಾಗಿದವನೂ ಯೋಚಿಸುವ ಶ್ರಮವನ್ನು ಉಳಿಸಿಕೊಂಡರು, ಅಷ್ಟೆ. ಅದರ ಬೆಲೆ ತೆರುವವರು ಬೇರೆ. ಎಲ್ಲಿಯೋ ಒಬ್ಬ ತಾಯಿ ಮಗಳ ಮದುವೆಯ ಡಿ.ವಿ.ಡಿ.ಯನ್ನು ನಕಲು ಮಾಡಿಟ್ಟು ಮೂಲವನ್ನು ಎಸೆಯುತ್ತಾಳೆ. ಅವಳು ನನ್ನೆದುರಿಗೆ ಬಂದು ಕೇಳಲಾರಳು. ಅವಳ ಪರವಾಗಿ ಕೇಳುವುದು ಆ ಎಚ್ಚರಿಕೆಯೊಂದೇ.