ಹೊಸ ಹೆಸರೂ ಹೊಸ ಮನಸ್ಸೂ

(ಓದತಕ್ಕ ಭಾಗ: ರೋಮಾಪುರದವರಿಗೆ 12:1–2)



ಅಪೊಸ್ತಲನಾದ ಪೌಲನು ಈ ಪತ್ರಿಕೆಯ ಹನ್ನೊಂದು ಅಧ್ಯಾಯಗಳಲ್ಲಿ ದೇವರ ಕರುಣೆಯನ್ನು ವಿವರಿಸಿದ ಮೇಲೆ, ಹನ್ನೆರಡನೆಯದರಲ್ಲಿ ನಮ್ಮ ಕಡೆಗೆ ತಿರುಗಿ ಒಂದು ಬೇಡಿಕೆಯನ್ನು ಮುಂದಿಡುತ್ತಾನೆ. ಲೋಕದ ಅಚ್ಚಿನಲ್ಲಿ ಎರಕವಾಗದೆ ನಮ್ಮ ಬುದ್ಧಿಯೇ ನವೀನವಾಗಬೇಕೆಂಬುದೇ ಆ ಬೇಡಿಕೆ. ದೀಕ್ಷಾಸ್ನಾನದಲ್ಲಿ ನಮಗೆ ದೊರೆತ ಹೆಸರು ಒಂದೇ ದಿನದಲ್ಲಿ ಸಭೆಯ ಪುಸ್ತಕಕ್ಕೆ ಸೇರುತ್ತದೆ; ಮನಸ್ಸಾದರೋ ದಿನದಿನವೂ ತಿದ್ದಲ್ಪಡಬೇಕು.

ಬಿಟ್ಟಂಗಾಲದ ಕಾಫಿತೋಟಗಳಲ್ಲಿ ದುಡಿಯುವವರಿಗೆ ಇದು ತಿಳಿಯದ ಮಾತಲ್ಲ. ಗಿಡದ ಕಾಂಡದಿಂದ ನೆಟ್ಟಗೆ ಏಳುವ ಕಂಬಚಿಗುರು ಬಹು ಸೊಂಪಾಗಿ ಕಾಣುತ್ತದೆ. ಆದರೂ ಫಸಲು ಕೊಡಬೇಕಾದ ರೆಂಬೆಗಳ ಸಾರವನ್ನು ಅದು ಹೀರಿಕೊಳ್ಳುವದರಿಂದ ಅದನ್ನು ಕಿತ್ತುಹಾಕುತ್ತೇವೆ. ಒಮ್ಮೆ ಕಿತ್ತರೆ ಸಾಕೋ? ಮಳೆ ಬಿದ್ದ ಮೇಲೆ ಅದೇ ಬುಡದಿಂದ ಮತ್ತೆ ಚಿಗುರುತ್ತದೆ, ಮತ್ತೆ ಕೈಹಾಕಬೇಕು. ಹಳೆಯ ಆಲೋಚನೆಗಳೂ ಹಾಗೆಯೇ.

ಅವುಗಳಲ್ಲಿ ಒಂದು ಗರ್ವ, ಇನ್ನೊಂದು ಹೀನಭಾವ. ನಮ್ಮ ಕೊಡಗುಸೀಮೆಯ ಸಭೆಗೆ ಇವೆರಡೂ ಮೊದಲಿನಿಂದಲೇ ಎದುರಾದವು. ಕೊಡವ ಕುಲದವನಾದ ಆಲ್ಮಂಡದ ಸೋಮಯ್ಯನು ಮಂಗಳೂರಿನಲ್ಲಿ ದೀಕ್ಷಾಸ್ನಾನ ಹೊಂದಿ ಸ್ತೆಫನನೆಂಬ ಹೆಸರನ್ನು ಪಡೆದನು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ್ದ ಹೆರ್ಮನ್ ಮೋಗ್ಲಿಂಗ್ ಅಯ್ಯನವರು 1853ರಲ್ಲಿ ಕೊಡಗಿಗೆ ಬಂದರು. ಮುಂದೆ ಆನಂದಪುರದಲ್ಲಿ ಹೊಲೆಯರೆಂದು ಕರೆಯಲ್ಪಡುತ್ತಿದ್ದ ಜನರ ಸಭೆ ಕೂಡಿತು. ಭೂಮಿಯ ಒಡೆಯನೂ ಗದ್ದೆಯ ಆಳೂ ಒಬ್ಬನೇ ತಂದೆಯನ್ನು ಪ್ರಾರ್ಥಿಸತಕ್ಕವರಾದರು. ಒಬ್ಬನು ಮನೆತನದ ಹೆಮ್ಮೆಯನ್ನು ಬಿಟ್ಟು ಇಳಿಯಬೇಕಾಗಿತ್ತು. ಇನ್ನೊಬ್ಬನು ಬಗ್ಗಿದ ತಲೆಯನ್ನು ಎತ್ತಬೇಕಾಗಿತ್ತು. ಯಾವದು ಹೆಚ್ಚು ಕಷ್ಟವೆಂದು ಯಾರು ಹೇಳಬಲ್ಲರು?

ದಾಸತ್ವಕ್ಕೆ ನ್ಯಾಯಸ್ಥಾನದ ಬೆಂಬಲವು 1843ರ ಕಾಯಿದೆಯಿಂದ ತಪ್ಪಿಹೋಯಿತು. ಜೀತವನ್ನು 1976ರ ಕಾಯಿದೆಯು ನಿಷೇಧಿಸಿತು. ಈ ಎರಡು ಕಾಯಿದೆಗಳ ನಡುವೆ 133 ವರುಷಗಳು ಕಳೆದವು! ಹೊರಗಿನ ಕಟ್ಟು ಬಿಚ್ಚುವದಕ್ಕೇ ಇಷ್ಟು ಕಾಲ ಹಿಡಿದರೆ ಒಳಗಿನ ಕಟ್ಟಿನ ವಿಷಯ ಏನು ಹೇಳೋಣ? ‘ನಾನು ಇಷ್ಟೇ, ನನ್ನ ಮಕ್ಕಳೂ ಇಷ್ಟೇ’ ಎಂಬುವವನು ತನ್ನನ್ನು ಕ್ರಯಕ್ಕೆ ಕೊಂಡ ಕರ್ತನ ಮಾತನ್ನು ನಂಬಲಿಲ್ಲ. ‘ಅವನು ಕ್ರೈಸ್ತನಾದರೂ ಇಂಥ ಜಾತಿಯವನು’ ಎಂಬುವವನೂ ನಂಬಲಿಲ್ಲ. ಪೌಲನು ಒನೇಸಿಮನನ್ನು ಫಿಲೆಮೋನನ ಬಳಿಗೆ ಹಿಂದಕ್ಕೆ ಕಳುಹಿಸಿದಾಗ, ದಾಸನೆಂದಲ್ಲ, ಪ್ರಿಯ ತಮ್ಮನೆಂದು ಸೇರಿಸಿಕೊಳ್ಳಬೇಕೆಂದು ಬೇಡಿಕೊಂಡನಲ್ಲವೇ?

ಹಾಗಾದರೆ ಹಳೆಯದನ್ನೆಲ್ಲಾ ಎಸೆದುಬಿಡಬೇಕೋ? ಹಾಗಲ್ಲ. ಕೊಡವ ಭಾಷೆಯನ್ನಾಡುವದು ಪಾಪವಲ್ಲ. ಕುಪ್ಪಸವನ್ನು ತೊಡುವದೂ ಹಿರಿಯರ ಕಾಲು ಮುಟ್ಟಿ ಗೌರವಿಸುವದೂ ಪಾಪವಲ್ಲ. ನೆರೆಯವರು ಅನ್ಯಮತದವರೆಂದು ಅವರ ದುಃಖಕ್ಕೆ ಹೋಗದಿರುವದೇ ಪಾಪ. ಕರ್ತನು ಕಿತ್ತುಹಾಕುವದು ಕಂಬಚಿಗುರನ್ನೇ ಹೊರತು ಗಿಡವನ್ನಲ್ಲ.

ಆದಕಾರಣ ಈ ರಾತ್ರಿ ದೀಪ ಆರಿಸುವದಕ್ಕೆ ಮುಂಚೆ ನಮ್ಮನ್ನು ನಾವೇ ಶೋಧಿಸಿಕೊಳ್ಳೋಣ. ಮಗುವಿಗೆ ಜ್ವರ ಬಂದಾಗ ಮೊದಲು ಎದ್ದ ಆಲೋಚನೆ ಯಾವದು? ಯಾರೋ ಮಾಟ ಮಾಡಿದರೆಂಬ ಭಯವೋ, ದೇವರು ಬಲ್ಲನೆಂಬ ಭರವಸವೂ ವೈದ್ಯನ ಬಳಿಗೆ ಹೋಗುವ ವಿವೇಕವೋ? ಮಗಳಿಗೆ ವರನನ್ನು ಹುಡುಕುವಾಗ ಮೊದಲು ಕೇಳಿದ್ದು ಅವನ ಭಕ್ತಿಯನ್ನೋ, ಅವನ ಅಜ್ಜನ ಕುಲವನ್ನೋ? ಕೂಲಿಯವನಿಗೆ ಸಲ್ಲಬೇಕಾದ ದುಡ್ಡು ನಮ್ಮ ಕೈಯಲ್ಲಿ ಉಳಿಯಿತೋ? ಭಾನುವಾರದ ಹಾಡಿಗಿಂತ ಈ ಪ್ರಶ್ನೆಗಳೇ ನಾವು ಯಾರವರೆಂಬದನ್ನು ತಿಳಿಸುತ್ತವೆ.

ಅಂತಿಯೋಕ್ಯದಲ್ಲಿ ಶಿಷ್ಯರು ಮೊದಲು ಕ್ರೈಸ್ತರೆನಿಸಿಕೊಂಡದ್ದು ಊರವರ ಬಾಯಿಂದ. ನಮ್ಮ ನಡತೆಯನ್ನು ಕಂಡು ಬಿಟ್ಟಂಗಾಲದ ಊರವರೂ ನಮ್ಮನ್ನು ಆ ಹೆಸರಿನಿಂದ ಕರೆಯುವಂತಾಗಲಿ. ಅದಕ್ಕೆ ಬೇಕಾದ ನೂತನ ಮನಸ್ಸನ್ನು ದೇವರು ತನ್ನ ಆತ್ಮನ ಮೂಲಕ ನಮಗೆಲ್ಲರಿಗೂ ದಯಪಾಲಿಸಲಿ. ಆಮೆನ್.