ಸೀರೆಯ ನೆರಿಗೆ ಇಳಿಸಿದವರು

1927ರ ಡಿಸೆಂಬರಿನಲ್ಲಿ ಮಹಾಡದ ದಲಿತ ಸಮಾವೇಶದಲ್ಲಿ ಮನುಸ್ಮೃತಿಯನ್ನು ಸುಟ್ಟದ್ದು ಎಲ್ಲರಿಗೂ ಗೊತ್ತು. ಅದೇ ಸಮಾವೇಶದಲ್ಲಿ ಅಂಬೇಡ್ಕರ್ ಹೆಂಗಸರಿಗೆಂದೇ ಮಾತಾಡಿದರು. ಜಾತಿಯನ್ನು ದೂರದಿಂದಲೇ ಸಾರುವಂತೆ ಸೀರೆ ಎತ್ತಿ ಉಡುವುದನ್ನು, ಅಗ್ಗದ ಲೋಹದ ಒಡವೆ ಹೇರಿಕೊಳ್ಳುವುದನ್ನು ಬಿಡಿ ಎಂದರು. ಬಿಟ್ಟರು. ಸೀರೆಯನ್ನು ಪಾದದವರೆಗೆ ಇಳಿಸಿ ಉಟ್ಟರು.

ಇದನ್ನು ಭಾಷಣದ ಪರಿಣಾಮವೆಂದು ಬರೆದು ಚರಿತ್ರೆ ಮುಂದೆ ಹೋಗುತ್ತದೆ. ನನಗೆ ಮುಂದೆ ಹೋಗಲಾಗುವುದಿಲ್ಲ. ಆ ಸೀರೆಯಲ್ಲೇ ಅವರು ಊರಿಗೆ ಮರಳಬೇಕಿತ್ತು, ಮೇಲ್ಜಾತಿಯ ಬೀದಿ ದಾಟಬೇಕಿತ್ತು, ಕೂಲಿಯ ಹೊಲದಲ್ಲಿ ಒಡೆಯನ ಕಣ್ಣಿಗೆ ಬೀಳಬೇಕಿತ್ತು. ಭಾಷಣ ಒಂದು ದಿನದ್ದು. ಉಡುವುದು ದಿನಬೆಳಗಿನದು, ಧೈರ್ಯವನ್ನೂ ದಿನಾ ಹೊಸದಾಗಿ ತಂದುಕೊಳ್ಳಬೇಕು. ಅವರಲ್ಲೊಬ್ಬಳ ಬದುಕನ್ನು ಬರೆಯುವುದಾದರೆ ಆ ಬೆಳಗಿನಿಂದಲೇ ತೊಡಗಬೇಕು.

ಆದರೆ ಜೀವನಚರಿತ್ರೆ ಮೊದಲು ಕೇಳುವುದು ಹುಟ್ಟಿದ ತಾರೀಖು, ಓದು, ಹುದ್ದೆ, ಪತ್ರಗಳು. ಇವೆಲ್ಲ ಕಾಗದ ಇಟ್ಟುಕೊಳ್ಳಲು ಪೆಟ್ಟಿಗೆಯಿದ್ದವರ ಬಳಿ ಉಳಿಯುವಂಥವು. ಅಂಥ ಕಾಗದ ಇಲ್ಲದವರ ಹತ್ತಿರ ಹೋಗಿ ಕೂತು ಕೇಳಬೇಕು. ಮರಾಠಿಯಲ್ಲಿ ಊರ್ಮಿಳಾ ಪವಾರ್ ಮತ್ತು ಮೀನಾಕ್ಷಿ ಮೂನ್ ಅದನ್ನೇ ಮಾಡಿದರು. ಅಂಬೇಡ್ಕರ್ ಚಳವಳಿಯ ಹೆಂಗಸರನ್ನು ಹುಡುಕಿ ಮಾತಾಡಿಸಿ, 1989ರಲ್ಲಿ ‘ಆಮ್ಹೀಹಿ ಇತಿಹಾಸ ಘಡವಲಾ’ (ನಾವೂ ಇತಿಹಾಸ ರೂಪಿಸಿದೆವು) ಪುಸ್ತಕ ತಂದರು. ವಯಸ್ಸಾದವರ ನೆನಪಿನಲ್ಲಿ ಇಸವಿ ತಪ್ಪಬಹುದು. ಸಭೆಗೆ ಹೋದಾಗ ಮಗುವನ್ನು ಯಾರು ನೋಡಿಕೊಂಡರು ಎಂಬುದು ಅಷ್ಟು ಸುಲಭಕ್ಕೆ ತಪ್ಪುವುದಿಲ್ಲ. ಚಳವಳಿ ನಿಂತದ್ದು ಅಂಥ ಏರ್ಪಾಡುಗಳ ಮೇಲೂ ಹೌದು. ಬರೆಯುವವರು ಅದನ್ನು ಅಡಿಟಿಪ್ಪಣಿಗೆ ತಳ್ಳಬಾರದು.

ಮಾತಾಡಿಸಲು ಯಾರೂ ಉಳಿದಿಲ್ಲದಾಗ? 1942ರ ಜುಲೈ 20ರಂದು ನಾಗಪುರದಲ್ಲಿ ಸುಲೋಚನಾಬಾಯಿ ಡೋಂಗ್ರೆಯವರ ಅಧ್ಯಕ್ಷತೆಯಲ್ಲಿ ದಲಿತ ಮಹಿಳೆಯರ ಸಮ್ಮೇಳನ ನಡೆಯಿತು. ವಿಚ್ಛೇದನದ ಹಕ್ಕು ಬೇಕು, ಬಹುಪತ್ನಿತ್ವ ನಿಲ್ಲಬೇಕು ಎಂದು ಅಲ್ಲಿ ನಿರ್ಣಯಿಸಿದರು. ಜೊತೆಗೆ ಗಿರಣಿ, ಬೀಡಿ ಕಾರ್ಖಾನೆ, ರೈಲ್ವೆಯಲ್ಲಿ ದುಡಿಯುವ ಹೆಂಗಸರಿಗೆ ವರ್ಷಕ್ಕೆ 21 ದಿನ ರಜೆ ಬೇಕೆಂದರು. ಈ ಬೇಡಿಕೆ ಪುಸ್ತಕ ಓದಿ ಹುಟ್ಟಿದ್ದಲ್ಲ ಎಂದೇ ನನ್ನ ನಂಬಿಕೆ. ಜ್ವರದ ಮಗುವನ್ನು ಮನೆಯಲ್ಲಿ ಬಿಟ್ಟು ಬೀಡಿ ಕಟ್ಟಲು ಹೋದವಳಿಗೆ ರಜೆಯಿಲ್ಲದ ವರ್ಷ ಏನೆಂದು ಗೊತ್ತಿರುತ್ತದೆ. ಅವಳನ್ನು ವೀರಮಾತೆಯಾಗಿಸಿ ಹೊಗಳಿದರೆ ಈ ದಣಿವು, ಈ ಲೆಕ್ಕ ಎರಡೂ ಅಳಿಸಿಹೋಗುತ್ತವೆ. ಹೆಸರು ಸಿಕ್ಕದಿದ್ದರೂ ನಿರ್ಣಯದ ಆ ಸಾಲಿನಿಂದ ಹಿಂದಕ್ಕೆ ನಡೆದು ಅವಳ ಕೆಲಸದ ವೇಳೆ, ಕೂಲಿ, ಹೆರಿಗೆ, ಮನೆಯ ದಾರಿ ಇವನ್ನೆಲ್ಲ ಹುಡುಕಿ ಬರೆಯಬಹುದು.